ಅಚ್ಚಿನ ಮರಳಿನಲ್ಲಿ ಒಂದು ಗಿಡ್ಡ ಹೆಜ್ಜೆ

ಲಾಳ ಕಳಚಬಹುದು. ನಾಲ್ಕರಲ್ಲಿ ಯಾವುದಾದರೂ ಒಂದು, ಅದೂ ಲಾಳ ಹೊಡೆಯುವವರು ಹತ್ತು ಮೈಲಿ ಸುತ್ತಿನಲ್ಲಿ ಸಿಗದ ಕಡೆಯಲ್ಲೇ. ಕುದುರೆ ಸಾಗಿಸುವ ಟೆಂಪೊ ದಾರಿಯಲ್ಲಿ ಪಂಕ್ಚರ್ ಆಗಬಹುದು. ಆಗದೆ ಸುಸೂತ್ರವಾಗಿ ಮುಟ್ಟಿದರೆ, ಇಳಿಸುವಾಗ ಹಲಗೆ ಮುರಿಯಬಹುದು. ದಾರಿ ತೋರಿಸಲು ಗಿಡಗಳಿಗೆ ಕಟ್ಟಿದ ಕೆಂಪು ಪಟ್ಟಿಗಳನ್ನು ಆಡುಗಳು ತಿಂದುಬಿಡಬಹುದು; ದಾರಿ ತಪ್ಪಿದ್ದು ನನಗೆ ಗೋವಾ ಗಡಿ ಕಂಡ ಮೇಲೆ ತಿಳಿಯಬಹುದು. ಜೇನು ಏಳಬಹುದು. ಪೊದೆಯಿಂದ ನವಿಲು ಭರ್ರನೆ ಹಾರಬಹುದು. ನಂದಗಡದ ಸಂತೆಗೆ ಹೊರಟ ಎಮ್ಮೆಗಳು ರಸ್ತೆ ತುಂಬ ನಿಂತು ನಮ್ಮನ್ನು ವಿಚಾರಣೆ ಮಾಡಬಹುದು. ಕುದುರೆ ನೀರು ಕುಡಿಯುವುದಿಲ್ಲ ಎಂದು ಹಟ ಹಿಡಿಯಬಹುದು. ಕುಡಿದು ಹೊಟ್ಟೆನೋವು ತಂದುಕೊಳ್ಳಬಹುದು. ಜೀನಿನ ಕೆಳಗೆ ಒಂದು ಹುಲ್ಲುಕಡ್ಡಿ ಸೇರಿ ನಲವತ್ತು ಕಿಲೋಮೀಟರ್ ಉದ್ದಕ್ಕೂ ಬೆನ್ನು ಉಜ್ಜಬಹುದು. ನಾನು ಬೀಳಬಹುದು. ನಾನು ಬಿದ್ದಲ್ಲೇ ಇದ್ದು, ಕುದುರೆ ಒಂದೇ ಶಿಸ್ತಾಗಿ ಗುರಿ ಮುಟ್ಟಬಹುದು.

ಈ ಸಲದ ದೂರದ ಸವಾರಿಯಲ್ಲಿ ಏನೇನು ಕೆಡಬಹುದು ಎಂದು ಇಷ್ಟನ್ನೂ ಒಂದು ಹಾಳೆಯ ಎರಡೂ ಮಗ್ಗುಲು ಬರೆದು ಚಹಾದ ಕಪ್ಪಿನ ಕೆಳಗೆ ಇಟ್ಟಿದ್ದೆ. ನೆಹರು ನಗರದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಡ್ಯೂಟಿಗೆ ಹೊರಡುವ ಮೊದಲು ಅದನ್ನು ಪೂರ್ತಿ ಓದಿದಳು.

"ಇದರಾಗ ಒಂದ ಬಿಟ್ಟೀರಿ ನೋಡ್ರಿ."

"ಏನದು?" ಎಂದು ನಾನು ಖರೇನೇ ಪೆನ್ನು ತೆಗೆದೆ.

"ಭೂಕಂಪ."

ನಾನು ಬಿಟ್ಟದ್ದು ಬೇರೆಯೇ ಒಂದಿತ್ತು. ಅದನ್ನು ಬರೆಯಲು ಕೈ ಬಂದಿರಲಿಲ್ಲ. ಹಿಂದಿನ ವರ್ಷ ಆದದ್ದು ಅದೇ.

ಬೆಳಗಾವಿಯ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ನನ್ನ ಕೆಲಸ. ಕರಗಿಸಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದು ಮಾಡಿದ ಬಿಡಿಭಾಗಗಳಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಗಾಳಿಗುಳ್ಳೆ ಇದೆ ಎಂದು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ದಿನಕ್ಕೆ ಎಂಟು ತಾಸು ತಪ್ಪು ಹುಡುಕಿದ ಮನುಷ್ಯ ಮನೆಗೆ ಬಂದು ಸುಮ್ಮನೆ ಕೂಡುವುದು ಕಷ್ಟ. ಡಾಕ್ಟರೊಬ್ಬರು ನನಗೆ ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಎಂದರು. ಅವರ ಮನಸ್ಸಿನಲ್ಲಿ ಕೈತೋಟ ಇತ್ತು ಅಂತ ಕಾಣುತ್ತದೆ. ನಾನು ನಲವತ್ತೈದು ದಾಟಿದ ಮೇಲೆ ಕುದುರೆ ಹತ್ತಲು ಕಲಿತೆ. ಆಮೇಲೆ ಒಂದು ಕುದುರೆಯನ್ನೇ ತಂದೆ. ಕಂದು ಬಣ್ಣದ ಹೆಣ್ಣು ಕುದುರೆ, ಹಣೆಯ ಮೇಲೆ ಹಿಟ್ಟಿನ ಬೆರಳು ಒರೆಸಿದಂತೆ ಒಂದು ಬಿಳಿ ಗುರುತು. ಚಿಂತೆ ಕಡಿಮೆ ಮಾಡಿಕೊಳ್ಳಲು ಐದು ನೂರು ಕಿಲೋ ತೂಕದ, ಪ್ಲಾಸ್ಟಿಕ್ ಚೀಲಕ್ಕೆ ಹೆದರುವ ಜೀವವೊಂದನ್ನು ಸಾಕಿದ ಮನುಷ್ಯ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಅವಳು ಇರುವುದು ಉದ್ಯಮಬಾಗ ದಾಟಿ ಖಾನಾಪುರ ರಸ್ತೆಯಲ್ಲಿ, ಗೆಳೆಯನೊಬ್ಬನ ಹೊಲದ ಕೊಟ್ಟಿಗೆಯಲ್ಲಿ. ನೋಡಿಕೊಳ್ಳುವವರು ಖಾನಾಪುರ ಕಡೆಯ ಒಬ್ಬ ಕಾಕಾ. ಕುರಿ ಕಾಯುವ ಮನೆತನ. ಸಣ್ಣವರಿದ್ದಾಗ ಕುರಿಹಿಂಡಿನ ಹಿಂದೆ ಸಾಮಾನು ಹೊತ್ತ ತಟ್ಟು ಕುದುರೆಗಳನ್ನು ಹೊಡೆದುಕೊಂಡು ಊರೂರು ನಡೆದವರು. ಈಗ ಅರವತ್ತು ದಾಟಿದ ಮೇಲೆ ತಿಂಗಳ ಸಂಬಳ, ವಾರಕ್ಕೊಂದು ರಜೆ. ಮನುಷ್ಯರ ಜೊತೆ ಕನ್ನಡ ಮಾತಾಡುತ್ತಾರೆ, ಕುದುರೆಯ ಜೊತೆ ಮರಾಠಿ. ಕುದುರೆಗೆ ಎರಡೂ ತಿಳಿಯುತ್ತದೆ. ನನ್ನ ಮಾತು ಮಾತ್ರ ಯಾವ ಭಾಷೆಯಲ್ಲಿ ಹೇಳಿದರೂ ತಿಳಿಯುವುದಿಲ್ಲ.

ದೂರದ ಸವಾರಿಯ ಸ್ಪರ್ಧೆ ಎಂದರೆ ಬಹಳ ಜನ ಯಾರು ಮೊದಲು ಬಂದರು ಎಂಬುದಷ್ಟೇ ಎಂದುಕೊಳ್ಳುತ್ತಾರೆ. ಗುರಿ ಮುಟ್ಟಿದ ಮೇಲೆಯೇ ನಿಜವಾದ ಪರೀಕ್ಷೆ. ಇಪ್ಪತ್ತು ನಿಮಿಷದೊಳಗೆ ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ನಾಲ್ಕು ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ನೀವು ಗಾಳಿಯ ಹಾಗೆ ಬಂದಿದ್ದರೂ ಸೋತ ಹಾಗೆ. ಹಿಂದಿನ ವರ್ಷ ನಾವು ಚೆನ್ನಾಗಿಯೇ ಬಂದೆವು. ಎದೆಬಡಿತ ಇಳಿಯಲಿಲ್ಲ. ಎಪ್ಪತ್ತೆರಡಕ್ಕೆ ಬಂದು ನಿಂತುಬಿಟ್ಟಿತು. ಅವಳ ತೊಡೆಗಳು ನಡುಗುತ್ತಿದ್ದವು, ಮೂಗಿನ ಹೊಳ್ಳೆಗಳು ಅಗಲವಾಗಿದ್ದವು, ಮುಂದೆ ಹಿಡಿದ ಹುಲ್ಲನ್ನು ಮೂಸಿ ಸಹ ನೋಡಲಿಲ್ಲ. ಮರದ ನೆರಳಿಗೆ ಕರೆದೊಯ್ದು ಸಲೈನ್ ಬಾಟಲಿ ಹಚ್ಚಿದರು. ನಾನು ಬಾಟಲಿ ಎತ್ತಿ ಹಿಡಿದು ನಿಂತೆ. ಒಂದು ತಾಸು ಅವಳು ನನ್ನ ಕಡೆ ನೋಡಲಿಲ್ಲ. ಕುದುರೆಗಳಿಗೆ ಸಿಟ್ಟು ಇಟ್ಟುಕೊಳ್ಳುವ ಬುದ್ಧಿ ಇಲ್ಲ ಅನ್ನುತ್ತಾರೆ. ಹಾಗೆ ಅನ್ನುವವರು ಆ ಬಾಟಲಿ ಹಿಡಿದು ನಿಂತವರಲ್ಲ.

ಅವತ್ತು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದೆ. ಇನ್ನೊಂದು ಸಲ ಪ್ರಯತ್ನ. ಆಗಲೂ ಆ ಸಂಖ್ಯೆ ಇಳಿಯದಿದ್ದರೆ, ನಾನು ಅವಳ ಬೆನ್ನ ಮೇಲೆ ಮತ್ತೆ ಕೂಡುವುದಿಲ್ಲ. ಹುಲ್ಲು ಹಾಕುತ್ತೇನೆ, ಮೈ ಉಜ್ಜುತ್ತೇನೆ, ಅಷ್ಟೇ.

ಕುದುರೆಗಳನ್ನು ನೋಡುವ ಡಾಕ್ಟರ್ ಮೇಡಂ ತಿಂಗಳಿಗೊಮ್ಮೆ ಬರುತ್ತಾರೆ. ಕಡಿಮೆ ಮಾತಿನವರು. ನಾನು ಹಿಂದಿನ ವರ್ಷ ಮಾಡಿಸಿದ ತಯಾರಿಯನ್ನು ಕೇಳಿದರು. ಹೆಮ್ಮೆಯಿಂದ ಹೇಳಿದೆ: ವಾರಕ್ಕೆ ಮೂರು ದಿನ, ಡಾಂಬರು ರಸ್ತೆಯ ಬಾಜು, ಹದಿನೈದು ಇಪ್ಪತ್ತು ಕಿಲೋಮೀಟರ್.

"ಒಂದ ನಮೂನಿ, ನೆಟ್ಟಗ, ಒಂದ ಚಾಲಿನ್ಯಾಗ?"

"ಹೌದ್ರಿ."

"ಹಂಗಾದ್ರ ಅದು ಓಡೂದು ಕಲತೈತಿ. ತಡಿಯೂದು, ತಿರುಗೂದು, ದಮ್ಮ ಹಿಡಿಯೂದು ಎಲ್ಲಿ ಕಲೀಬೇಕು? ಈ ಮಳಿಗಾಲದಾಗ ರಸ್ತೆ ಬಿಡ್ರಿ. ಒಂದ ಸಣ್ಣ ಅಂಗಳದಾಗ ಕೆಲಸಾ ಮಾಡಸ್ರಿ."

ಒಂದು ಚೀಟಿ ಬರೆದುಕೊಟ್ಟರು. ಔಷಧದ ಚೀಟಿಯಂತೆಯೇ ಇತ್ತು. ದೊಡ್ಡ ಸುತ್ತು, ಸಣ್ಣ ಸುತ್ತು, ಎಂಟರ ಆಕಾರ, ಹಾವಿನಂತೆ ವಂಕಿವಂಕಿ ದಾರಿ. ನೆಲಕ್ಕೆ ಅಡ್ಡಲಾಗಿ ಇಟ್ಟ ಕಂಬಗಳ ಮೇಲೆ ಹೆಜ್ಜೆ ಎತ್ತಿ ದಾಟುವುದು. ನಡಿಗೆಯಿಂದ ಓಟ, ಓಟದಿಂದ ನಿಲುಗಡೆ, ನಾಲ್ಕು ಹೆಜ್ಜೆ ಹಿಂದಕ್ಕೆ. ಮೂರು ನಿಮಿಷ ಓಡಿಸಿದರೆ ಎರಡು ನಿಮಿಷ ಲಗಾಮು ಸಡಿಲ ಬಿಟ್ಟು ನಡಿಗೆ. ಪ್ರತಿ ಸಲವೂ ಎದೆಬಡಿತ ಎಣಿಸಿ ಬರೆಯುವುದು.

ಕಾಕಾ ಚೀಟಿಯನ್ನು ತಲೆಕೆಳಗೆ ಹಿಡಿದು ನೋಡಿದರು. ನಾನು ಓದಿ ಹೇಳಿದೆ.

"ಸಾಹೇಬ್ರ, ಇದೇನ ಗಾಣದ ಎತ್ತಂತ ತಿಳದೀರೇನು? ನಮ್ಮಪ್ಪ ಕುದುರಿ ಹೊಡಕೊಂಡ ಇಲ್ಲಿಂದ ಪಂಢರಪುರದ ತನಕಾ ಹೋಗ್ತಿದ್ದ. ಒಂದ ದಿನಾನೂ ಸುತ್ತ ತಿರುಗಿಸಲಿಲ್ಲ."

"ಡಾಕ್ಟರ್ ಹೇಳ್ಯಾರ ಕಾಕಾ."

"ಡಾಕ್ಟರ್ ಹೇಳಿದ್ರ ಆತು. ತಲಿ ತಿರಗಿ ಬಿದ್ರ ಆಕಿ ಬೀಳಲಿ, ನೀವ ಬೀಳಬ್ಯಾಡ್ರಿ. ನನಗ ಎತ್ತಾಕ ಆಗೂದಿಲ್ಲ."

ಕೊಟ್ಟಿಗೆಯ ಹಿಂದೆ ಸಮತಟ್ಟು ಜಾಗವಿತ್ತು. ಉದ್ದ ಮೂವತ್ತೈದು ಹೆಜ್ಜೆ, ಅಗಲ ಇಪ್ಪತ್ತು. ಕೆಂಪು ಜೇಡಿ ನೆಲ. ಮೊದಲ ಮಳೆಗೇ ಜಾರಬಂಡೆಯಾಯಿತು. ಮರಳು ಹಾಸಬೇಕು ಎಂದರು ಕಾಕಾ. ಇಲ್ಲಿ ನನ್ನ ಬುದ್ಧಿ ಓಡಿತು. ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ಬಳಸಿ ಬಿಟ್ಟ ಅಚ್ಚಿನ ಮರಳು ಗುಡ್ಡೆ ಬಿದ್ದಿರುತ್ತದೆ. ಯಾರಿಗೂ ಬೇಡದ್ದು. ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಇಪ್ಪತ್ತೈದು ವರ್ಷ ಆ ಮರಳಿನ ಜೊತೆ ಬಾಳಿದವನು ನಾನು. ಅದರ ಗುಣ ನನಗಿಂತ ಚೆನ್ನಾಗಿ ಬೆಳಗಾವಿಯಲ್ಲಿ ಯಾರಿಗೆ ಗೊತ್ತಿರಬೇಕು? ಆದರೂ ಆ ಗುಣವೊಂದನ್ನೇ ಮರೆತೆ. ಅಚ್ಚಿನ ಮರಳಿಗೆ ಜೇಡಿಪುಡಿ, ಕಲ್ಲಿದ್ದಲ ಪುಡಿ ಕಲಸಿರುತ್ತಾರೆ. ಒದ್ದೆಯಾದಾಗ ಒತ್ತಿದ್ದು ಒತ್ತಿದ ಹಾಗೇ ನಿಲ್ಲಲಿ ಎಂಬುದೇ ಅದರ ಕೆಲಸ.

ಎರಡು ಟ್ರ್ಯಾಕ್ಟರ್ ಮರಳು ಹಾಸಿದೆವು. ಸಣ್ಣಗೆ ಮಳೆ ಬಿತ್ತು. ಮರುದಿನ ಬಿಸಿಲು. ಕುದುರೆಯ ಕಾಲುಗಳು ಮೊಣಕಾಲಿನ ತನಕ ಕಪ್ಪಾದವು, ನನ್ನ ಬಿಳಿ ಬನಿಯನ್ ಕಪ್ಪಾಯಿತು, ಕಾಕಾ ಸೀನಿದರೆ ಕರವಸ್ತ್ರ ಕಪ್ಪಾಗತೊಡಗಿತು. ಒಣಗಿದ ಮೇಲೆ ನೆಲ ಬಿಸ್ಕೀಟಿನಂತೆ ಗಟ್ಟಿಯಾಯಿತು. ಕಾಕಾ ಒಂದು ಗೊರಸಿನ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು.

"ಸಾಹೇಬ್ರ, ಇದರಾಗ ಕಬ್ಬಿಣಾ ಸುರದ್ರ ಗೊರಸ ತಯಾರ ಆಕ್ಕಾವು. ನಿಮ್ಮ ಕಂಪನಿಯವರಿಗೆ ಹೇಳ್ರಿ, ಹೊಸಾ ಆರ್ಡರ್ ಬಂದೈತಂತ."

ನಾನು ನಗಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನು ಮಾಡುವಂತೆ, ಏನೋ ಮಹತ್ವದ್ದನ್ನು ಪರೀಕ್ಷಿಸುತ್ತಿರುವವನ ಮುಖ ಮಾಡಿಕೊಂಡು ಆ ಗುರುತುಗಳ ಉದ್ದಕ್ಕೂ ನಡೆದೆ. ಕಾರ್ಖಾನೆಯ ರೂಢಿ, ಎರಡು ಒಂದೇ ಥರದ ವಸ್ತು ಕಂಡರೆ ಅಳೆಯದೆ ಬಿಡಲಾರೆ. ಜೇಬಿನಲ್ಲಿ ಟೇಪು ಇತ್ತು. ಹಿಂದಿನ ಬಲಗಾಲು ಮುಂದಿನ ಬಲಗಾಲಿನ ಗುರುತನ್ನು ಮೆಟ್ಟಿ, ಅದಕ್ಕೂ ನಾಲ್ಕು ಬೆರಳು ಮುಂದೆ ಬಿದ್ದಿತ್ತು. ಹಿಂದಿನ ಎಡಗಾಲು ಮುಂದಿನದರ ತನಕ ಮುಟ್ಟಿರಲೇ ಇಲ್ಲ. ಮೂರು ಬೆರಳು ಹಿಂದೆಯೇ ಬಿದ್ದಿತ್ತು, ತುದಿ ಸ್ವಲ್ಪ ಎಳೆದ ಗೀರು. ಮುಂದಿನ ಸುತ್ತಿನಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ.

"ಕಾಕಾ, ಇಲ್ಲಿ ಬರ್ರಿ."

ಅವರು ನೋಡಿದರು. ನಗುವುದನ್ನು ಬಿಟ್ಟರು. ಹೋಗಿ ಅವಳ ಎಡಗಾಲನ್ನು ಎತ್ತಿ, ಮಂಡಿಯಿಂದ ತೊಡೆಯ ತನಕ ಕೈಯಾಡಿಸಿದರು. ಬಿಸಿ ಇಲ್ಲ, ಬಾವು ಇಲ್ಲ. ಆಮೇಲೆ ನನ್ನನ್ನು ಹತ್ತಿಸಿ, ದುಡಕಿ ಓಡಿಸಲು ಹೇಳಿದರು. ದುಡಕಿ ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಕುಲುಕು ಓಟ. ಮುಂದಿನ ಒಂದು ಕಾಲು, ಹಿಂದಿನ ಎದುರು ಮಗ್ಗುಲಿನ ಕಾಲು ಜೋಡಿಯಾಗಿ ಬೀಳುತ್ತವೆ. ಸವಾರ ಒಂದು ಜೋಡಿ ನೆಲಕ್ಕೆ ಬಿದ್ದಾಗ ಕುಳಿತು, ಇನ್ನೊಂದಕ್ಕೆ ಎದ್ದು, ಹೀಗೆ ಕುಳಿತು ಎದ್ದು ಸಾಗುತ್ತಾನೆ. ಕಾಕಾ ಬೇಲಿ ಹಿಡಿದು ಬಹಳ ಹೊತ್ತು ನೋಡಿದರು.

"ನೀವ ಒಂದ ಕಾಲಿನ ಮ್ಯಾಲ ಕುಂಡ್ರತೀರಿ."

"ಅಂದ್ರ?"

"ಆಕಿ ಹಿಂದಿನ ಎಡಗಾಲ ಊರಿದಾಗ ನೀವ ಕುಂಡ್ರತೀರಿ. ಬಲಗಾಲ ಊರಿದಾಗ ಏಳ್ತೀರಿ. ಯಾವಾಗ ನೋಡಿದ್ರೂ ಹಂಗ. ಎಷ್ಟ ವರ್ಷ ಆತು?"

ಆರು ವರ್ಷ. ವಾರಕ್ಕೆ ಮೂರು ದಿನ, ಇಪ್ಪತ್ತು ಕಿಲೋಮೀಟರ್, ನನ್ನ ಇಡೀ ಭಾರ ಒಂದೇ ಕಾಲಿನ ಮೇಲೆ. ಅವಳು ಒಂದು ದಿನವೂ ಕುಂಟಿರಲಿಲ್ಲ, ಕುಂಟಿದ್ದರೆ ಗೊತ್ತಾಗುತ್ತಿತ್ತು. ಸುಮ್ಮನೆ ಆ ಕಾಲಿನ ಹೆಜ್ಜೆಯನ್ನು ಮೂರು ಬೆರಳು ಗಿಡ್ಡ ಮಾಡಿಕೊಂಡು, ಉಳಿದದ್ದನ್ನು ಬೇರೆ ಮೂರು ಕಾಲಿನಿಂದ ಸರಿದೂಗಿಸಿದ್ದಳು. ನೆಟ್ಟಗಿನ ರಸ್ತೆಯಲ್ಲಿ ಅದು ಯಾರಿಗೂ ಕಾಣುವಂಥದ್ದಲ್ಲ. ಡಾಕ್ಟರ್ ಮೇಡಂ ಬಂದಾಗ ಗುರುತುಗಳನ್ನು ತೋರಿಸಿದೆ. ಅವರು ಅರ್ಧ ನಿಮಿಷ ನಿಂತು ನೋಡಿದರು.

"ಒಂದ ಕಾಲ ದಣಿದ್ರ ಎದಿ ಅದರ ಸಲುವಾಗಿ ದುಡೀಬೇಕಾಗ್ತೈತಿ. ಇಳಿಯೂದು ಹೆಂಗ?" ಎಂದರು. ಆಮೇಲೆ, "ಮರಳು ಮಾತ್ರ ತಗೀರಿ. ಬ್ಯಾರೆ ಹಾಕ್ರಿ. ಇದು ಕುದುರಿಗೆ ಅಲ್ಲ," ಎಂದರು.

ತೆಗೆಯುವ ಮೊದಲು ನಾನು ಎರಡು ಗುರುತುಗಳನ್ನು, ಒಂದು ಬಲ ಒಂದು ಎಡ, ಸುತ್ತ ಕೆತ್ತಿ ಇಡಿಯಾಗಿ ಎತ್ತಲು ನೋಡಿದೆ. ಪುಡಿಯಾದವು. ಒಳ್ಳೆಯದೇ ಆಯಿತು, ಮನೆಗೆ ತಂದಿದ್ದರೆ ಹೆಂಡತಿಗೆ ಏನು ಹೇಳುತ್ತಿದ್ದೆ?

ಹೊಳೆಯ ಮರಳಿಗೆ ಭತ್ತದ ಹೊಟ್ಟು ಕಲಸಿ ಹಾಸಿ ಮತ್ತೆ ಶುರು ಮಾಡಿದೆವು. ಜುಲೈ, ಆಗಸ್ಟ್. ಖಾನಾಪುರ ಕಡೆಯಿಂದ ಮೋಡ ಇಳಿದು ಬಂದರೆ ನಾಲ್ಕು ದಿನ ಕೊಟ್ಟಿಗೆಯಿಂದ ಹೊರಗೆ ಕಾಲಿಡುವಂತಿಲ್ಲ; ಮಳೆ ಬಿಟ್ಟ ತಾಸಿನಲ್ಲಿ ಅಂಗಳಕ್ಕೆ. ಎಡಕ್ಕೆ ಸುತ್ತು ಎಂದರೆ ಅವಳು ಭುಜ ಹೊರಗೆ ಚಾಚಿ ಬೇಲಿಗೆ ಓಡುತ್ತಿದ್ದಳು. ಇಪ್ಪತ್ತು ಹೆಜ್ಜೆಯ ಸುತ್ತು ನನ್ನ ಕೈಯಲ್ಲಿ ಆಲೂಗಡ್ಡೆಯ ಆಕಾರ ತಾಳುತ್ತಿತ್ತು. ನೀಲಗಿರಿ ಕಂಬಗಳನ್ನು ನಾಲ್ಕೂವರೆ ಅಡಿಗೊಂದರಂತೆ ಇಟ್ಟರೆ ಮೊದಮೊದಲು ಎಡಗಾಲು ಪ್ರತಿ ಕಂಬಕ್ಕೂ ಟಕ್ ಎಂದು ತಾಗುತ್ತಿತ್ತು. ಆ ಟಕ್ ಎಂಬುದನ್ನು ನಾನು ಕಾರ್ಖಾನೆಯಲ್ಲಿ ಬಿರುಕು ಹುಡುಕಲು ಸುತ್ತಿಗೆ ಬಡಿದು ಕೇಳುವ ಕಿವಿಯಿಂದ ಕೇಳುತ್ತಿದ್ದೆ. ಅವಳಿಗಿಂತ ಹೆಚ್ಚು ಕಲಿಯಬೇಕಾದದ್ದು ನನಗಿತ್ತು. ಇನ್ನೊಂದು ಜೋಡಿಗೆ ಕುಳಿತು ಏಳುವುದು ಎಡಗೈಯಲ್ಲಿ ಊಟ ಮಾಡಿದ ಹಾಗೆ. ಎರಡು ಸುತ್ತು ಸರಿ ಇದ್ದು, ಮೂರನೆಯದರಲ್ಲಿ ಮೈ ತನ್ನಷ್ಟಕ್ಕೆ ಹಳೆಯದಕ್ಕೆ ಮರಳುತ್ತಿತ್ತು. ಕಾಕಾ ಬೇಲಿಯ ಮೇಲಿಂದ "ಬದಲ!" ಎಂದು ಕೂಗುತ್ತಿದ್ದರು. ಆ ಕೂಗು ನನ್ನ ಕನಸಿನಲ್ಲೂ ಬರುತ್ತಿತ್ತು.

ಪ್ರತಿ ಸುತ್ತಿನ ನಂತರ ಹೆಂಡತಿಯ ಹಳೆಯ ಸ್ಟೆತಾಸ್ಕೋಪ್ ಹಿಡಿದು ಕುದುರೆಯ ಎಡ ಮುಂಗಾಲಿನ ಮೊಣಕೈಯ ಹಿಂದೆ ಒತ್ತಿ ಎಣಿಸುತ್ತಿದ್ದೆ. ಒಮ್ಮೆ ಎಣಿಸಿದರೆ ನಂಬಿಕೆ ಬರದು. ಎರಡು, ಮೂರು ಸಲ. ಮನೆಯಲ್ಲಿ ನೋಟ್‌ಬುಕ್ಕಿನ ಅಂಕಿಗಳನ್ನು ಮತ್ತೆ ನೋಡುತ್ತ ಕುಳಿತರೆ ಹೆಂಡತಿ, "ಕುದುರಿ ನಾಡಿ ಮೂರ ಸಲ ನೋಡ್ತೀರಿ, ನನ್ನ ಬಿ.ಪಿ. ಯಾವಾಗ ನೋಡೂ ವಿಚಾರ ಐತಿ?" ಎನ್ನುತ್ತಿದ್ದಳು.

ದೂರ ಹೋಗಬೇಕಾದ ಜೀವವನ್ನು ಮೂವತ್ತೈದು ಹೆಜ್ಜೆಯ ಅಂಗಳದಲ್ಲಿ ತಯಾರು ಮಾಡುವುದು ನನಗೆ ಕೊನೆಯ ತನಕ ಪೂರ್ತಿ ಒಪ್ಪಿಗೆಯಾಗಲಿಲ್ಲ. ರಸ್ತೆಯಲ್ಲಿ ಹೋದರೆ ಮೈಲಿಗಲ್ಲು ಸಿಗುತ್ತದೆ, ಮುಗಿಯಿತು ಅನ್ನಿಸುತ್ತದೆ. ಸುತ್ತಿನಲ್ಲಿ ಹೊರಟಲ್ಲಿಗೇ ಬರುತ್ತೀರಿ. ಆದರೆ ರಸ್ತೆಯಲ್ಲಿ ನಾನು ಯಾವಾಗಲೂ ಮುಂದಿನ ತಿರುವಿನಲ್ಲಿ ಏನಿದೆಯೋ ಎಂದು ಹೆದರುತ್ತ ಕೂತಿರುತ್ತಿದ್ದೆ. ಕೆಳಗೆ ಯಾವ ಕಾಲು ಊರುತ್ತಿದೆ ಎಂದು ಆರು ವರ್ಷ ಕೇಳಿಸಿಕೊಂಡಿರಲಿಲ್ಲ. ಅಂಗಳದಲ್ಲಿ ಮುಂದಿನ ತಿರುವಿನಲ್ಲಿ ಏನಿದೆ ಎಂದು ಚೆನ್ನಾಗಿ ಗೊತ್ತು. ಕಾಕಾ ಇದ್ದಾರೆ. ಹೀಗಾಗಿ ಗಮನಕ್ಕೆ ಹೋಗಲು ಬೇರೆ ಜಾಗ ಇರಲಿಲ್ಲ, ಅದು ಕುದುರೆಯ ಬೆನ್ನಿಗೆ ಬಂತು. ಅಕ್ಟೋಬರಿನ ಒಂದು ಬೆಳಿಗ್ಗೆ ಆರು ಕಂಬ ದಾಟಿದಾಗ ಒಂದೂ ಸದ್ದಾಗಲಿಲ್ಲ. ನಾನು ಇಳಿದು ಮರಳಿನ ಗುರುತು ಅಳೆದೆ. ಎಡಗಾಲು ಒಂದು ಬೆರಳಿನಷ್ಟು ಮುಂದೆಯೇ ಬಿದ್ದಿತ್ತು. ಕಾಕಾಗೆ ಹೇಳಿದರೆ, "ನಾ ಆವಾಗಿನಿಂದ ಕೇಳಾಕತ್ತೀನಿ," ಎಂದಷ್ಟೇ ಅಂದರು.

ಡಿಸೆಂಬರಿನಲ್ಲಿ ಸವಾರಿ. ನಂದಗಡದ ಆಚೆ ಒಂದು ತೋಟದಿಂದ ಹೊರಟು, ಗದ್ದೆಬದು, ಕಾಡಿನ ಅಂಚು ಹಿಡಿದು, ಎರಡು ಸುತ್ತಿನಲ್ಲಿ ನಲವತ್ತು ಕಿಲೋಮೀಟರ್ ಮುಗಿಸಿ ಅಲ್ಲಿಗೇ ಬರುವುದು. ಟೆಂಪೊ ನೆಟ್ಟಗೆ ಮುಟ್ಟಿತು. ಹಲಗೆ ಮುರಿಯಲಿಲ್ಲ. ಲಾಳ ನಾಲ್ಕೂ ಇದ್ದವು. ಭತ್ತ ಕೊಯ್ದ ಗದ್ದೆಯ ಮೇಲೆ ಮಂಜು ಇತ್ತು. ಅವಳು ತಲೆ ತಗ್ಗಿಸಿ ಹಿತವಾಗಿ ನಡೆದಳು. ಎಮ್ಮೆಗಳು ಸಿಕ್ಕವು, ದಾರಿ ಬಿಟ್ಟವು. ಹಳ್ಳದಲ್ಲಿ ನೀರು ಕುಡಿದಳು. ಪ್ರತಿ ಕಿಲೋಮೀಟರಿಗೆ ನಾನು ನನಗೇ "ಬದಲ" ಎಂದುಕೊಂಡು ಜೋಡಿ ಬದಲಿಸಿದೆ. ಅರ್ಧ ದಾರಿಯ ತಪಾಸಣೆಯನ್ನು ಸುಲಭವಾಗಿ ದಾಟಿದೆವು. ಏನೂ ಆಗುತ್ತಿಲ್ಲವಲ್ಲ ಎಂಬ ಚಿಂತೆ ಹೆಚ್ಚಾಗುತ್ತ ಹೋಯಿತು. ಇಷ್ಟೆಲ್ಲ ಸರಿಯಾದರೆ, ಆಗಬೇಕಾದದ್ದು ಎಲ್ಲ ಕೂಡಿ ಕೊನೆಗೆ ಕಾದಿರುತ್ತದೆ ಎಂಬುದು ನನ್ನ ಲೆಕ್ಕ.

ಗುರಿ ಮುಟ್ಟಿದ ಕೂಡಲೇ ಕಾಕಾ ಲಗಾಮು ಹಿಡಿದರು. ಜೀನು ಇಳಿಸಿದೆವು. ಕುತ್ತಿಗೆಗೆ, ಕಾಲಿಗೆ ನೀರು ಸುರಿದೆವು. ಐದು ನಿಮಿಷಕ್ಕೆ ನಾನು ಸ್ಟೆತಾಸ್ಕೋಪ್ ಒತ್ತಿದೆ. ಎಪ್ಪತ್ತಾರು. ಎಂಟು ನಿಮಿಷಕ್ಕೆ ಎಪ್ಪತ್ತೆರಡು. ಹತ್ತು ನಿಮಿಷಕ್ಕೆ ಎಪ್ಪತ್ತೆರಡು. ಅದೇ ಸಂಖ್ಯೆ. ಮತ್ತೆ ಎಣಿಸಿದೆ. ಎಣಿಸುತ್ತಿರುವುದು ಅವಳದೋ ನನ್ನದೋ ತಿಳಿಯದಾಯಿತು. ಅವಳು ಕಿವಿ ಹಿಂದೆ ಮಾಡಿ, ಕತ್ತು ಎತ್ತಿ, ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಮತ್ತೊಮ್ಮೆ ಒತ್ತಲು ಹೋದೆ.

"ಸಾಹೇಬ್ರ," ಎಂದರು ಕಾಕಾ, "ಲಗೂನ ಹೋಗಿ ಒಂದ ನಿಂಬಿಹಣ್ಣ ತರ್ರಿ."

"ನಿಂಬಿಹಣ್ಣ? ಈಗ?"

"ಹೂಂ. ಬೇಕಾಗೈತಿ. ಹೋಗ್ರಿ ಹೋಗ್ರಿ."

ಏಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ದೃಷ್ಟಿ ತೆಗೆಯಲು ಇರಬೇಕು, ಅಥವಾ ಕುರಿಯವರಿಗಷ್ಟೇ ಗೊತ್ತಿರುವ ಯಾವುದೋ ಔಷಧ ಇರಬೇಕು ಎಂದುಕೊಂಡು ಓಡಿದೆ. ನಲವತ್ತು ಕಿಲೋಮೀಟರ್ ಕೂತು ಬಂದ ಕಾಲು ನೆಟ್ಟಗೆ ಆಗುತ್ತಿರಲಿಲ್ಲ. ಬಾತುಕೋಳಿಯ ಹಾಗೆ ಓಡಿದೆ. ಬಸ್ ಸ್ಟಾಪಿನ ಅಂಗಡಿಯಲ್ಲಿ ನಿಂಬೆಹಣ್ಣು ಇರಲಿಲ್ಲ. ಆಚೆ ಮನೆಯ ಹಿತ್ತಲಲ್ಲಿ ಗಿಡ ಇದೆ ಎಂದರು. ಆ ಮನೆಯ ಅಜ್ಜಿ ಮರಾಠಿಯಲ್ಲಿ, ಎಷ್ಟು ಬೇಕು, ಯಾರ ಪೈಕಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳುತ್ತ, ಹಣ್ಣಾದದ್ದನ್ನು ಹುಡುಕುತ್ತ, ಕಾಯಿಯನ್ನು ಹಿಚುಕಿ ಬಿಡುತ್ತ, ಗಿಡದ ಸುತ್ತ ನಿಧಾನ ಒಂದು ಪ್ರದಕ್ಷಿಣೆ ಹಾಕಿದರು. ಕುದುರೆಗೆ ಅಂದೆ. ಕುದುರೆಗಾದರೆ ಮೂರು ಒಯ್ಯಿ ಎಂದರು.

ನಾನು ಮರಳಿ ಬಂದಾಗ ತಪಾಸಣೆಯ ಜಾಗದಲ್ಲಿ ಬೇರೆ ಯಾರದೋ ಬಿಳಿ ಕುದುರೆ ನಿಂತಿತ್ತು. ನಮ್ಮವಳು ನೆರಳಲ್ಲಿ ಹಸಿಹುಲ್ಲು ಜಗಿಯುತ್ತಿದ್ದಳು, ಹಿಂದಿನ ಎಡಗಾಲನ್ನು ಆರಾಮವಾಗಿ ಮಡಚಿಟ್ಟುಕೊಂಡು. ಕಾಕಾ ಬಕೆಟು ತೊಳೆಯುತ್ತಿದ್ದರು.

"ಏನಾತ್ರಿ?"

"ಆತಲ್ಲ. ಐವತ್ತೆಂಟು. ಓಡಿಸಿ ತೋರಸಂದ್ರು, ನಾನ ಓಡಿಸಿದೆ. ನಾಕೂ ಕಾಲ ಸರಿ ಅಂದ್ರು."

"ಯಾವಾಗ ಇಳೀತು?"

"ನೀವ ಆ ಗೇಟ್ ದಾಟಿದ್ರಿ, ಆಕಿ ಒಂದ ದೊಡ್ಡ ಉಸರ ಬಿಟ್ಲು. ನಾ ತಪಾಸಣಿ ಡಾಕ್ಟರ್ ಮುಂದ ಒಯ್ದು ನಿಲ್ಲಿಸಿದೆ."

ನಾನು ಕೈಯಲ್ಲಿದ್ದ ಮೂರು ನಿಂಬೆಹಣ್ಣು ನೋಡಿದೆ.

"ಇವನ್ನೇನ ಮಾಡೂದು?"

"ಸರಬತ್ತ ಮಾಡಿ ಕುಡೀರಿ. ನಿಮ್ಮ ಎದೀನೂ ಸ್ವಲ್ಪ ಇಳೀಲಿ."

ನಾನು ಅವಳ ಹತ್ತಿರ ಹೋದೆ. ಮೂತಿಯಿಂದ ನನ್ನ ಅಂಗಿಯ ಜೇಬನ್ನು ಒಮ್ಮೆ ಮೂಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು. ಸ್ಟೆತಾಸ್ಕೋಪ್ ಇನ್ನೂ ಕುತ್ತಿಗೆಯಲ್ಲೇ ಇತ್ತು. ತೆಗೆದು ಬಕೆಟಿನ ಬಾಜು ಇಟ್ಟೆ. ಆರು ತಿಂಗಳು ಒಂದು ಸಂಖ್ಯೆಗಾಗಿ ಕಾದಿದ್ದೆ. ಅದನ್ನು ಡಾಕ್ಟರ್ ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲಿ ನಾನು ಯಾರದೋ ಹಿತ್ತಲಲ್ಲಿ ನಿಂಬೆಯ ಮುಳ್ಳು ಚುಚ್ಚಿಸಿಕೊಳ್ಳುತ್ತಿದ್ದೆ.

"ಕಾಕಾ, ಹೆಂಗ ಹೇಳಿದ್ರು ಅವರು?"

"ಏನ?"

"ಐವತ್ತೆಂಟು ಅನ್ನೂದು. ಹೆಂಗ ಹೇಳಿದ್ರು?"

ಕಾಕಾ ಬಕೆಟು ಬೋರಲು ಹಾಕಿ ನನ್ನ ಮುಖ ನೋಡಿದರು.

"ಐವತ್ತೆಂಟು ಅಂದ್ರು, ಮತ್ತೇನ. ಹಾಡಿ ಹೇಳ್ತಾರೇನ್ರಿ?"